ಬಾಲ ಅಲ್ಲಾಡಿಸುವುದು ಒಪ್ಪಿಗೆಯಲ್ಲ

“ನಾಯಿಗೆಂಥ ತಯಾರಿ? ಅದಕ್ಕೆ ನಾಲ್ಕು ಕಾಲಿವೆ, ನಮಗಿಂತ ಚೆನ್ನಾಗಿ ಹತ್ತುತ್ತೆ.” ಹಲವು ದಿನಗಳ ಬೆಟ್ಟದ ಚಾರಣಕ್ಕೆ ಸಾಕಿದ ನಾಯಿಯನ್ನೂ ಕರೆದುಕೊಂಡು ಹೊರಡುವವರ ಬಾಯಲ್ಲಿ ಈ ಮಾತು ಸಲೀಸಾಗಿ ಬರುತ್ತದೆ. ಅದೇ ಜನ ತಮಗೆ ಹೊಸ ಬೂಟು ಕೊಂಡು ಎರಡು ತಿಂಗಳು ಮೊದಲೇ ಹಾಕಿಕೊಂಡು ಪಳಗಿಸುತ್ತಾರೆ. ಬೆಳಿಗ್ಗೆ ಕಬ್ಬನ್ ಪಾರ್ಕಿನಲ್ಲಿ ಓಡುತ್ತಾರೆ, ಬೆನ್ನಿಗೆ ಭಾರ ಹಾಕಿಕೊಂಡು ಅಪಾರ್ಟ್‌ಮೆಂಟಿನ ಮೆಟ್ಟಿಲು ಹತ್ತಿ ಇಳಿಯುತ್ತಾರೆ, ಡಾಕ್ಟರ ಹತ್ತಿರ ಹೋಗಿ ಬಿಪಿ ನೋಡಿಸಿಕೊಳ್ಳುತ್ತಾರೆ. ನಾಯಿಯ ಪಾಲಿಗೆ ಹೊರಡುವ ಹಿಂದಿನ ದಿನ ಒಂದು ಹೊಸ ಬೆಲ್ಟು, ಒಂದು ಚೀಲ ಡ್ರೈ ಫುಡ್. ಅಲ್ಲಿಗೆ ತಯಾರಿ ಮುಗಿಯಿತು. ಈ ನಂಬಿಕೆ ತಪ್ಪು ಎಂದಷ್ಟೇ ಹೇಳಿ ಸುಮ್ಮನಾಗುವ ಹಾಗಿಲ್ಲ. ಇದು ನಾಯಿಯನ್ನು ಕೊಲ್ಲಬಲ್ಲ ನಂಬಿಕೆ. ಪ್ರೀತಿಯ ಹೆಸರಿನಲ್ಲಿ ನಡೆಯುತ್ತಿರುವುದರಿಂದ ಇದನ್ನು ಯಾರೂ ಪ್ರಶ್ನಿಸುತ್ತಿಲ್ಲ.

2020ರ ಜುಲೈನಲ್ಲಿ ಇಂಗ್ಲೆಂಡಿನ ಅತಿ ಎತ್ತರದ ಬೆಟ್ಟ ಸ್ಕಾಫೆಲ್ ಪೈಕ್‌ನಿಂದ ಇಳಿಯುತ್ತಿದ್ದ ಡೈಸಿ ಎಂಬ ನಾಯಿ ದಾರಿಯ ಮಧ್ಯೆ ಕುಸಿದು ಕೂತಿತು. ಹಿಂಗಾಲು ನೋಯುತ್ತಿತ್ತು, ಎಷ್ಟು ಎಬ್ಬಿಸಿದರೂ ಏಳಲಿಲ್ಲ. ತೂಕ 55 ಕಿಲೋ. ವಾಸ್‌ಡೇಲ್ ಪರ್ವತ ರಕ್ಷಣಾ ತಂಡದ 16 ಸ್ವಯಂಸೇವಕರು ಬಂದು ಸ್ಟ್ರೆಚರಿನಲ್ಲಿ ಮಲಗಿಸಿ ಹೊತ್ತು ಇಳಿಸಬೇಕಾಯಿತು; ಹತ್ತಿರ ಹತ್ತಿರ ಐದು ಗಂಟೆಯ ಕೆಲಸ. ಆ ಬೆಟ್ಟದ ಎತ್ತರ 978 ಮೀಟರ್. ನಮ್ಮ ಕುಮಾರ ಪರ್ವತ 1,712 ಮೀಟರ್. ಇನ್ನು ಡೈಸಿ ಯಾವ ತಳಿ ಎಂದರೆ, ಸೇಂಟ್ ಬರ್ನಾರ್ಡ್. ಆಲ್ಪ್ಸ್‌ನ ಹಿಮದಲ್ಲಿ ದಾರಿ ತಪ್ಪಿದವರನ್ನು ಹುಡುಕಿ ಉಳಿಸಿದ ನಾಯಿಗಳೆಂದು ಶಾಲೆಯ ಪಾಠದಲ್ಲೂ ಕ್ಯಾಲೆಂಡರಿನ ಚಿತ್ರದಲ್ಲೂ ನಾವು ನೋಡಿದ ಅದೇ ತಳಿ.

“ತಳಿಯಲ್ಲೇ ಬೆಟ್ಟ ಇದೆ” ಎನ್ನುವವರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. 2,469 ಮೀಟರ್ ಎತ್ತರದ ಗ್ರೇಟ್ ಸೇಂಟ್ ಬರ್ನಾರ್ಡ್ ಕಣಿವೆದಾರಿಯ ಮಠದಲ್ಲಿ 1800ರಲ್ಲಿ ಹುಟ್ಟಿದ ಬ್ಯಾರಿ ನಲವತ್ತಕ್ಕೂ ಹೆಚ್ಚು ಜನರನ್ನು ಉಳಿಸಿತೆಂಬ ಪ್ರತೀತಿಯಿದೆ. ಅದರ ದೇಹವನ್ನು ಬರ್ನ್ ನಗರದ ಮ್ಯೂಸಿಯಮ್ಮಿನಲ್ಲಿ ಇವತ್ತಿಗೂ ಕಾಪಾಡಿಟ್ಟಿದ್ದಾರೆ. ಆ ಬ್ಯಾರಿ ಇಂದಿನ ಸೇಂಟ್ ಬರ್ನಾರ್ಡ್‌ಗಿಂತ ಎಷ್ಟೋ ಚಿಕ್ಕ, ಹಗುರ ನಾಯಿ. ದಿನವೂ ಹಿಮದಲ್ಲಿ ದುಡಿಯುತ್ತಿತ್ತು. ಆಮೇಲೆ ಬೇರೆ ತಳಿಗಳ ಜೊತೆ ಬೆರೆಸಿದರು, ಶೋಕಿಗಾಗಿ ಗಾತ್ರ ಹಿಗ್ಗಿಸಿದರು, ಉದ್ದ ಕೂದಲು ಬಂತು. ಉಳಿದದ್ದು ಹೆಸರು ಮಾತ್ರ. ಬೆಂಗಳೂರಿನ ಫ್ಲ್ಯಾಟಿನಲ್ಲಿ ಎಸಿಯ ಕೆಳಗೆ ಮಲಗುವ ಹಸ್ಕಿಗೂ ಸೈಬೀರಿಯಾದ ಹಸ್ಕಿಗೂ ಇರುವ ನಂಟು ಇಷ್ಟೇ. ಹಸ್ಕಿಯ ಮೈಮೇಲೆ ಎರಡು ಪದರ ಕೂದಲಿದೆ ಎಂದ ಮಾತ್ರಕ್ಕೆ ಅದರ ಎದೆ, ಸ್ನಾಯು, ಅಂಗಾಲು ಚಾರಣಕ್ಕೆ ತಯಾರಾಗಿರುವುದಿಲ್ಲ. ಅಜ್ಜ ಕುಸ್ತಿ ಪೈಲ್ವಾನನಾಗಿದ್ದ ಎಂದು ಮೊಮ್ಮಗನನ್ನು ನೇರ ಅಖಾಡಕ್ಕೆ ದೂಡುತ್ತೇವೆಯೇ?

ಇನ್ನೊಂದು ವಾದ ಇದಕ್ಕಿಂತ ಬಲವಾದದ್ದು. ಅದನ್ನೇ ನಾನು ಮುಖ್ಯವಾಗಿ ಎದುರಿಸಬೇಕು. “ನಾಯಿಗೆ ಇಷ್ಟ ಇಲ್ಲದಿದ್ದರೆ ಅದು ಬರುತ್ತಲೇ ಇರಲಿಲ್ಲ. ಬೆನ್ನಚೀಲ ಕೈಗೆತ್ತಿಕೊಂಡರೆ ಸಾಕು, ಕುಣಿಯುತ್ತೆ. ಸುಸ್ತಾದರೆ ತಾನೇ ನಿಲ್ಲುತ್ತೆ.” ಇದರ ಮೊದಲ ಅರ್ಧ ನಿಜ. ಚೀಲ ಕಂಡರೆ ಕುಣಿಯುತ್ತದೆ. ಆದರೆ ಕುಣಿಯುವುದು ನಿಮ್ಮ ಜೊತೆ ಹೊರಡುವ ಸಂತೋಷಕ್ಕೆ. ಮುಂದಿನ ಆರು ದಿನದ ನಡಿಗೆಗೆ ಕೊಟ್ಟ ಒಪ್ಪಿಗೆ ಅಲ್ಲ. ಆರು ದಿನ ಎಂದರೇನೆಂದು ಅದಕ್ಕೆ ಗೊತ್ತಿಲ್ಲ. ಮೂರನೆಯ ದಿನ ಸಂಜೆ ಹಿಂಗಾಲು ಬಿಗಿದುಕೊಳ್ಳುತ್ತದೆಂದು ಅದು ಲೆಕ್ಕ ಹಾಕಲಾರದು. ಎರಡನೆಯ ಅರ್ಧವಂತೂ ಅಪಾಯಕಾರಿ. ನಾಯಿ ಸುಸ್ತಾದಾಗ ನಿಲ್ಲುವುದಿಲ್ಲ. ಜೊತೆಯವರು ನಡೆಯುತ್ತಿರುವಷ್ಟು ಹೊತ್ತೂ ನಡೆಯುತ್ತದೆ. ಕುಂಟುವುದನ್ನು, ನೋವನ್ನು ಬಚ್ಚಿಟ್ಟುಕೊಳ್ಳುತ್ತದೆ. ಮೈಯಲ್ಲಿ ಇನ್ನೇನೂ ಉಳಿದಿಲ್ಲ ಎಂಬಾಗ ಮಾತ್ರ ಬೀಳುತ್ತದೆ. ನಿಲ್ಲಬೇಕಾದ ಹೊತ್ತಿಗೂ ಬೀಳುವ ಹೊತ್ತಿಗೂ ನಡುವೆ ಕೆಲವು ಗಂಟೆಗಳ ಅಂತರವಿರುತ್ತದೆ. ನಾಯಿಯ ಚಾರಣದ ತಯಾರಿ ಎಂದರೆ ಆ ಅಂತರವನ್ನು ಓದಲು ಕಲಿಯುವುದು. ಅದು ಯಜಮಾನನ ತಯಾರಿ, ನಾಯಿಯದಲ್ಲ.

ಉತ್ತರಾಖಂಡದ ಒಂದು ಚಾರಣದಲ್ಲಿ, ಹಳ್ಳದ ಪಕ್ಕ, ಬೆಂಗಳೂರಿನಿಂದ ಬಂದಿದ್ದ ಗೋಲ್ಡನ್ ರಿಟ್ರೀವರ್ ಒಂದು ನೀರಿನಲ್ಲಿ ಹೊಟ್ಟೆ ಊರಿ ಮಲಗಿತ್ತು. ಯಜಮಾನ ಹುಡುಗ ಫೋಟೊ ತೆಗೆಯುತ್ತಿದ್ದ. ನಾಯಿಯ ನಾಲಗೆ ತುದಿಯಲ್ಲಿ ಅಗಲವಾಗಿ ಸೌಟಿನ ಆಕಾರಕ್ಕೆ ಬಂದಿತ್ತು, ವಸಡು ಇಟ್ಟಿಗೆ ಕೆಂಪು, ತೇಕು ಒಂದೇ ಸಮ. ಎದ್ದು ನಿಂತಾಗ ಮುಂಗಾಲು ಎರಡನ್ನೂ ಸರದಿಯಂತೆ ಎತ್ತಿ ಎತ್ತಿ ಇಡುತ್ತಿತ್ತು. “ಕಾಲು ನೋಡಪ್ಪ ಒಂದ್ಸಲ” ಎಂದೆ. “ಇಲ್ಲ ಸರ್, ಅವನಿಗೆ ನೀರು ಅಂದ್ರೆ ಪ್ರಾಣ, ಎಂಜಾಯ್ ಮಾಡ್ತಾ ಇದಾನೆ” ಎಂದ. ಅಂಗಾಲು ತಿರುಗಿಸಿ ನೋಡಿದಾಗ ನಡುವಿನ ದೊಡ್ಡ ಮೆತ್ತೆಯ ಮೇಲ್ಪದರ ನಾಣ್ಯದಷ್ಟಗಲ ಸುಲಿದು ಒಳಗಿನ ಗುಲಾಬಿ ಮಾಂಸ ಕಾಣುತ್ತಿತ್ತು. ಬೆರಳ ಸಂದಿಯಲ್ಲಿ ಜಲ್ಲಿಯ ಚೂರು ಸಿಕ್ಕಿಕೊಂಡಿತ್ತು. ಹುಡುಗ ಕೆಟ್ಟವನಲ್ಲ. ತನ್ನ ಪಾಲಿನ ಮೊಟ್ಟೆಯನ್ನು ದಿನವೂ ಆ ನಾಯಿಗೆ ಕೊಡುತ್ತಿದ್ದ. ನೋಡುವುದು ಹೇಗೆಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಾಯಿಗೆ ಹೇಗೆ ಬೇಕಾದರೂ ಆಗುತ್ತದೆಂದು ಮಾತ್ರ ಎಲ್ಲರೂ ಹೇಳಿದ್ದರು.

ಅಂಗಾಲು ಸುಲಿದರೆ ಏನಾಗುತ್ತದೆಂಬುದಕ್ಕೆ ಅಮೆರಿಕದ ಕೊಲರಾಡೊದಲ್ಲಿ ನಡೆದ ಪ್ರಸಂಗವೊಂದಿದೆ. 2012ರ ಆಗಸ್ಟ್‌ನಲ್ಲಿ ಮೌಂಟ್ ಬಿಯರ್‌ಸ್ಟಾಟ್ ಪಕ್ಕದ ಚೂಪುಗಲ್ಲಿನ ಏಣಿನ ಮೇಲೆ ಮಿಸ್ಸಿ ಎಂಬ ಜರ್ಮನ್ ಶೆಫರ್ಡ್‌ನ ಅಂಗಾಲು ಹರಿದು ನಡೆಯಲಾರದೆ ನಿಂತಿತು. ಹವಾಮಾನ ಕೆಡುತ್ತಿತ್ತು. ಸುಮಾರು 50 ಕಿಲೋದ ನಾಯಿಯನ್ನು ಹೊತ್ತು ಇಳಿಯಲಾಗದೆ ಯಜಮಾನ ಅದನ್ನು ಅಲ್ಲೇ ಬಿಟ್ಟು ಬಂದ. ಸುಮಾರು ಎಂಟು ದಿನ ಆ ನಾಯಿ ಬಂಡೆಗಳ ನಡುವೆ ಬದುಕಿತ್ತು. ಬೇರೆ ಚಾರಣಿಗರು ಕಂಡು ಸುದ್ದಿ ಹಬ್ಬಿಸಿದ ಮೇಲೆ ಪರಿಚಯವೇ ಇಲ್ಲದ ಸ್ವಯಂಸೇವಕರು ಹೋಗಿ, ಬೆನ್ನಚೀಲದಲ್ಲಿ ಕೂರಿಸಿಕೊಂಡು, ಬೆನ್ನು ಬದಲಾಯಿಸುತ್ತ ಇಳಿಸಿದರು. ಯಜಮಾನನ ಮೇಲೆ ಪ್ರಾಣಿಹಿಂಸೆಯ ಕೇಸು ಬಿತ್ತು, ನಾಯಿ ಅವನ ಕೈತಪ್ಪಿ ಹೋಯಿತು. ನಾಯಿಯನ್ನು ಬಿಟ್ಟು ಬಂದದ್ದಕ್ಕಾಗಿ ಜನ ಅವನನ್ನು ಬೈದರು. ನನ್ನ ಆಕ್ಷೇಪ ಅದಕ್ಕೂ ಹಿಂದಿನದು. ಹೊತ್ತು ಇಳಿಸಲಾಗದ ನಾಯಿಯನ್ನು ಅಂಥ ಜಾಗಕ್ಕೆ ಹತ್ತಿಸಿದ ಬೆಳಗ್ಗೆಯೇ ಆ ತಪ್ಪು ನಡೆದುಹೋಗಿತ್ತು.

ಆದ್ದರಿಂದ ನಾಯಿಯ ತಯಾರಿ ಕಾಲಿನಿಂದ ಶುರುವಾಗಬೇಕು. ಅಪಾರ್ಟ್‌ಮೆಂಟಿನ ನಾಯಿ ನಡೆಯುವುದು ಟೈಲ್ಸ್ ಮೇಲೆ, ಲಿಫ್ಟಿನಲ್ಲಿ, ಮನೆ ಸುತ್ತಲಿನ ಕಾಂಕ್ರೀಟ್ ರಸ್ತೆಯಲ್ಲಿ. ಅದರ ಅಂಗಾಲಿನ ಮೆತ್ತೆ ಮೆದುವಾಗಿರುತ್ತದೆ. ಜಲ್ಲಿ, ಬಂಡೆ, ಒಣಮಣ್ಣಿನ ಮೇಲೆ ದಿನವೂ ಸ್ವಲ್ಪ ಸ್ವಲ್ಪ ನಡೆಸುತ್ತ ವಾರಗಟ್ಟಲೆ ಕಳೆದರೆ ಮಾತ್ರ ಅದು ಗಟ್ಟಿಯಾಗುತ್ತದೆ. ನೀರಿನಲ್ಲಿ ನೆನೆದರೆ ಮತ್ತೆ ಮೆತ್ತಗಾಗಿ ಬೇಗ ಸುಲಿಯುತ್ತದೆ. ಹಳ್ಳ ದಾಟಿದ ಮೇಲೆ ಒರೆಸಿ ನೋಡಬೇಕೆಂಬ ಚಿಕ್ಕ ವಿಷಯಕ್ಕೆ ಅದಕ್ಕೇ ಅಷ್ಟು ಬೆಲೆ. ಆಮೇಲೆ ಕೀಲು. ನಾಯಿ ಸುಮ್ಮನೆ ನಿಂತಾಗಲೂ ಮೈಭಾರದ ಸುಮಾರು ಶೇ. 60 ಮುಂಗಾಲಿನ ಮೇಲಿರುತ್ತದೆ. ಇಳಿಜಾರಿನಲ್ಲಿ ಇನ್ನೂ ಹೆಚ್ಚು. ಹತ್ತುವಾಗ ಉತ್ಸಾಹದಲ್ಲಿದ್ದ ನಾಯಿ ಇಳಿಯುವಾಗ ಭುಜ, ಮಣಿಕಟ್ಟು ಹಿಡಿದು ಮಲಗುವುದು ಇದರಿಂದ. ಹಗ್ಗ ಬಿಚ್ಚಿ ಬಿಟ್ಟರೆ ಮುಂದಕ್ಕೆ ಓಡಿ, ಹಿಂದಕ್ಕೆ ಬಂದು, ನೀವು ಹತ್ತು ಕಿಲೋಮೀಟರ್ ನಡೆದರೆ ಅದು ಅದಕ್ಕಿಂತ ಎಷ್ಟೋ ಹೆಚ್ಚು ನಡೆದಿರುತ್ತದೆ. ದೊಡ್ಡ ತಳಿಯ ಮರಿಯ ಎಲುಬಿನ ಬೆಳವಣಿಗೆ ಪೂರ್ತಿಯಾಗಲು ಒಂದೂವರೆ ವರ್ಷ ಬೇಕು. ಎಂಟು ತಿಂಗಳ ಲ್ಯಾಬ್ರಡಾರ್ ನೋಡಲು ದೊಡ್ಡ ನಾಯಿಯಂತಿರುತ್ತದೆ, ಎಲುಬು ಇನ್ನೂ ಮರಿಯದು. ಆ ವಯಸ್ಸಿನಲ್ಲಿ ಅದನ್ನು ಬೆಟ್ಟ ಹತ್ತಿಸಿ “ಎಷ್ಟು ಎನರ್ಜಿ ನೋಡಿ” ಎಂದು ಹೆಮ್ಮೆಪಡುವವರು ಅದರ ಮುಪ್ಪಿನ ನೋವನ್ನು ಆಗಲೇ ಗಂಟು ಕಟ್ಟಿ ಇಡುತ್ತಿದ್ದಾರೆ.

ಸೆಖೆಯ ಮಾತು ಇನ್ನೂ ಗಂಭೀರ. ನಮ್ಮ ಹಾಗೆ ಮೈತುಂಬ ಬೆವರಿ ತಂಪಾಗುವ ಸೌಲಭ್ಯ ನಾಯಿಗಿಲ್ಲ. ನಾಲಗೆ ಚಾಚಿ ತೇಕುವುದೇ ಅದಕ್ಕಿರುವ ದೊಡ್ಡ ದಾರಿ. ಅದರ ಸಹಜ ಮೈಬಿಸಿ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. 105 ದಾಟಿದರೆ ಅಪಾಯ. ಹಿಮಾಲಯ ಎಂದರೆ ಚಳಿ ಎಂಬ ಭಾವನೆಯಲ್ಲಿ ಬಿಸಿಲಿನ ಏರುದಾರಿ ಮರೆತೇ ಹೋಗಿರುತ್ತದೆ. ನಮ್ಮ ಪಶ್ಚಿಮ ಘಟ್ಟದ ಬೋಳು ಹುಲ್ಲುಗಾವಲಲ್ಲಂತೂ ಹನ್ನೊಂದು ಗಂಟೆಯ ಮೇಲೆ ನೆರಳೇ ಇಲ್ಲ. ಪಗ್, ಬುಲ್‌ಡಾಗ್‌ನಂಥ ಮೊಂಡುಮೂತಿಯ ನಾಯಿಗಳು ನೆಟ್ಟಗೆ ತೇಕಲೂ ಆರವು. ಅವುಗಳನ್ನು ಚಾರಣಕ್ಕೆ ಕರೆದೊಯ್ಯುವ ವಿಚಾರವನ್ನೇ ಬಿಡಬೇಕು. ಇದರಲ್ಲಿ ಚರ್ಚೆಗೆ ಜಾಗವಿಲ್ಲ.

ಇಷ್ಟೆಲ್ಲ ಹೇಳಿದರೆ ಕೆಲವರು ಅಂಗಡಿ ತೋರಿಸುತ್ತಾರೆ. ನಾಯಿಗೆ ಬೂಟು, ರೇನ್‌ಕೋಟು, ಕನ್ನಡಕ, ಬೆನ್ನಿಗೆ ಜೋಡಿಚೀಲ ಎಲ್ಲ ಬಂದಿವೆ. ಬೂಟು ಕೆಲಸಕ್ಕೆ ಬರುವ ವಸ್ತು, ನಿಜ. ಆದರೆ ಮನೆಯಲ್ಲಿ ಎಂದೂ ತೊಡಿಸದೆ ಬೇಸ್ ಕ್ಯಾಂಪಿನಲ್ಲಿ ಮೊದಲ ಸಲ ತೊಡಿಸಿದರೆ ನಾಯಿ ಕಾಲು ಝಾಡಿಸಿ ಕಿತ್ತೆಸೆಯುತ್ತದೆ, ಇಲ್ಲವೇ ಒಳಗೆ ಉಜ್ಜಿ ಹುಣ್ಣಾಗುತ್ತದೆ. ಜೋಡಿಚೀಲದ ವಿಷಯದಲ್ಲಿ ನನಗೆ ಸಿಟ್ಟೇ ಇದೆ. ಮೈತೂಕದ ನಾಲ್ಕನೇ ಒಂದು ಭಾಗ ಹೊರಬಲ್ಲದು ಎಂಬ ಲೆಕ್ಕ ಚಾಲ್ತಿಯಲ್ಲಿದೆ. ಅದು ತಿಂಗಳುಗಟ್ಟಲೆ ಪಳಗಿದ, ಕಟ್ಟುಮಸ್ತಾದ ನಾಯಿಗೆ ಹೇಳುವ ಗರಿಷ್ಠ ಮಿತಿ. ನಮ್ಮ ಊರುಗಳ ಲ್ಯಾಬ್ರಡಾರ್‌ಗಳಲ್ಲಿ ಪಕ್ಕೆಲುಬು ಕೈಗೆ ಸಿಗುವಂಥವು ಎಷ್ಟಿವೆ, ನೀವೇ ಮುಟ್ಟಿ ನೋಡಿ. ಮೊದಲೇ ನಾಲ್ಕೈದು ಕಿಲೋ ಬೊಜ್ಜು ಹೊತ್ತ ನಾಯಿಯ ಬೆನ್ನಿಗೆ ಇನ್ನೂ ಆರು ಕಿಲೋ ಹೇರುವುದು ಯಾವ ನ್ಯಾಯ? ಅಭ್ಯಾಸವಿಲ್ಲದ ನಾಯಿಗೆ ಭಾರವೇ ಬೇಡ. ಅದರ ಊಟವನ್ನು ನೀವು ಹೊರಿ. ಹೊರಲಾಗದಿದ್ದರೆ ಕರೆದೊಯ್ಯಬೇಡಿ.

ಊಟ, ಔಷಧಿಯ ಬಗ್ಗೆ ಎರಡು ಮಾತು ಸಾಕು, ಆದರೆ ಅವನ್ನು ಮರೆಯಬಾರದು. ಚಾರಣಿಗರ ಜೇಬಿನಲ್ಲಿ ಸದಾ ಇರುವ ಒಣದ್ರಾಕ್ಷಿ ಮತ್ತು ಚಾಕೊಲೇಟ್ ಎರಡೂ ನಾಯಿಗೆ ವಿಷ; ದ್ರಾಕ್ಷಿ ಮೂತ್ರಪಿಂಡವನ್ನೇ ಕೆಡಿಸಬಲ್ಲದು. ನಮ್ಮ ಮೈಕೈ ನೋವಿನ ಐಬುಪ್ರೊಫೆನ್ ಮಾತ್ರೆ ಕೂಡ ಹಾಗೇ, ಹೊಟ್ಟೆಯಲ್ಲಿ ಹುಣ್ಣು ಮಾಡಿ ರಕ್ತ ಸುರಿಸುತ್ತದೆ. ಎದೆಗೂಡು ಆಳವಾದ ದೊಡ್ಡ ತಳಿಗಳಿಗೆ ಹೊಟ್ಟೆತುಂಬ ತಿನ್ನಿಸಿ ಕೂಡಲೇ ನಡೆಸಿದರೆ ಜಠರ ಉಬ್ಬಿ ತಿರುಚಿಕೊಳ್ಳುವ ಅಪಾಯವಿದೆ. ಅದಕ್ಕೆ ಆಪರೇಷನ್ ಬಿಟ್ಟು ಬೇರೆ ದಾರಿಯಿಲ್ಲ, ಬೆಟ್ಟದ ಮೇಲೆ ಆಪರೇಷನ್ ಮಾಡುವವರಿಲ್ಲ. ಹೊರಡುವ ಮೊದಲು ಪಶುವೈದ್ಯರ ಹತ್ತಿರ ಕೂತು ನಾಯಿಯ ತೂಕಕ್ಕೆ ತಕ್ಕ ಔಷಧಿ ಬರೆಸಿಕೊಂಡು, ಬೇರೆ ಪೆಟ್ಟಿಗೆ ಕಟ್ಟಿಕೊಳ್ಳಬೇಕು.

ಇನ್ನು ಎತ್ತರ. 2022ರ ಮೇ ತಿಂಗಳಲ್ಲಿ ಉತ್ತರ ಭಾರತದ ಒಬ್ಬರು ತಮ್ಮ ಹಸ್ಕಿಯನ್ನು ಕೇದಾರನಾಥಕ್ಕೆ ಕರೆದೊಯ್ದದ್ದು, ಅದರ ಮುಂಗಾಲಿನಿಂದ ನಂದಿಯನ್ನು ಮುಟ್ಟಿಸಿದ್ದು ದೇಶದ ತುಂಬ ಸುದ್ದಿಯಾಯಿತು. ಕೇಸು ದಾಖಲಿಸಿ ಎಂದು ದೇಗುಲ ಸಮಿತಿ ಒತ್ತಾಯಿಸಿತು. ಮಡಿ ಕೆಟ್ಟಿತು ಎಂದವರು ಒಂದು ಕಡೆ, ದೇವರಿಗೆ ಎಲ್ಲ ಜೀವಿಯೂ ಸಮ ಎಂದವರು ಇನ್ನೊಂದು ಕಡೆ. ವಾರಗಟ್ಟಲೆ ಜಗಳ. ನಾನು ಓದಿದ, ಕೇಳಿದ ಅಷ್ಟೂ ಮಾತಿನಲ್ಲಿ ಒಂದು ಪ್ರಶ್ನೆ ಬರಲಿಲ್ಲ: ಬಯಲಿನ ಬೇಸಿಗೆಯಿಂದ 3,583 ಮೀಟರ್ ಎತ್ತರಕ್ಕೆ ಹೋದ ಆ ನಾಯಿಗೆ ಅಲ್ಲಿನ ತೆಳುಗಾಳಿಗೆ ಹೊಂದಿಕೊಳ್ಳಲು ಎಷ್ಟು ದಿನ ಕೊಟ್ಟಿದ್ದರು? ಆ ಎತ್ತರದಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಮೂರನೇ ಎರಡು ಭಾಗದಷ್ಟು ಮಾತ್ರ. ಎತ್ತರದ ಕಾಯಿಲೆ ನಾಯಿಗೂ ಬರುತ್ತದೆ. ತಲೆನೋವು ಎಂದು ಅದು ಹೇಳಲಾರದು. ಊಟ ಬಿಡುತ್ತದೆ, ಮಂಕಾಗುತ್ತದೆ, ವಾಂತಿ ಮಾಡುತ್ತದೆ. “ಜರ್ನಿಯ ಸುಸ್ತು” ಎಂದು ನಾವು ಮುಂದೆ ನಡೆಯುತ್ತೇವೆ.

ಆಗ ಎದುರಾಳಿಗಳು ಮೇರಾಳನ್ನು ಮುಂದೆ ತರುತ್ತಾರೆ. 2018ರ ನವೆಂಬರ್‌ನಲ್ಲಿ ನೇಪಾಳದ ಬರುಂತ್ಸೆ ಶಿಖರವನ್ನು, 7,129 ಮೀಟರ್ ಎತ್ತರವನ್ನು, ಪರ್ವತಾರೋಹಿಗಳ ಹಿಂದೆ ಹತ್ತಿದ ಬೀದಿನಾಯಿ ಅದು. ಅದ್ಭುತವೇ ಸರಿ. ಆದರೆ ಆ ನಾಯಿ ಪರ್ವತಾರೋಹಿಗಳ ಜೊತೆ ಸೇರಿದ್ದೇ ಹಿಮಾಲಯದ ಎತ್ತರದಲ್ಲಿ. ನೋಡಲು ಟಿಬೆಟನ್ ಮ್ಯಾಸ್ಟಿಫ್ ಬೆರಕೆಯಂತಿತ್ತು. ಟಿಬೆಟಿನ ಮ್ಯಾಸ್ಟಿಫ್‌ಗಳ ರಕ್ತದಲ್ಲಿ ತೆಳುಗಾಳಿಯನ್ನು ತಾಳುವ ಇಪಿಎಎಸ್1 ಜೀನಿನ ವಿಶೇಷ ರೂಪವಿದೆ, ಅದು ಅಲ್ಲಿನ ತೋಳಗಳ ಜೊತೆಗಿನ ಬೆರಕೆಯಿಂದ ಬಂದದ್ದು ಎಂದು ವಿಜ್ಞಾನಿಗಳು ತೋರಿಸಿದ್ದಾರೆ. ಜಯನಗರದ ಬೀಗಲ್‌ಗೆ ಆ ಜೀನು ಎಲ್ಲಿಂದ ಬರಬೇಕು? “ತೋಳದ ವಂಶ” ಎಂಬ ಮಾತಿನಲ್ಲಿ ಯಾವ ತೋಳ, ಯಾವ ನೆಲದ್ದು, ಎಷ್ಟು ತಲೆಮಾರಿನ ಹಿಂದಿನದು ಎಂಬ ಲೆಕ್ಕವೇ ಇಲ್ಲ.

“ಕುರಿಗಾಹಿಗಳ ನಾಯಿಗೆ ಯಾವ ತರಬೇತಿ ಇತ್ತು?” ಎಂದೂ ಕೇಳುತ್ತಾರೆ. ಈ ಪ್ರಶ್ನೆಯನ್ನು ನಾನು ಗೌರವದಿಂದ ತೆಗೆದುಕೊಳ್ಳುತ್ತೇನೆ, ಏಕೆಂದರೆ ಉತ್ತರ ಅದರಲ್ಲೇ ಇದೆ. ಬೆಳಗಾವಿ, ಬಾಗಲಕೋಟೆ ಕಡೆಯ ಕುರುಬರು ಕುರಿ ಹಿಂಡಿನೊಂದಿಗೆ ತಿಂಗಳುಗಟ್ಟಲೆ ನಡೆಯುತ್ತಾರೆ, ನಾಯಿಯೂ ನಡೆಯುತ್ತದೆ. ಆ ನಾಯಿ ಕಣ್ಣು ಬಿಟ್ಟಾಗಿನಿಂದ ಹಿಂಡಿನ ಜೊತೆಗಿದೆ. ನಡೆಯುವುದು ಕುರಿ ಮೇಯುವ ವೇಗಕ್ಕೆ. ನೆತ್ತಿಯ ಮೇಲೆ ಸೂರ್ಯ ಬಂದಾಗ ಹಿಂಡೂ ನಾಯಿಯೂ ನೆರಳಲ್ಲಿ. ಹಿಮಾಚಲದ ಗದ್ದಿಗಳನ್ನು ನೋಡಿ: ಚಳಿಗಾಲದಲ್ಲಿ ತಗ್ಗಿನ ಬೆಟ್ಟಗಳಲ್ಲಿದ್ದು, ಹಿಮ ಕರಗಿದಂತೆ ಮೇಯುತ್ತ ಮೇಯುತ್ತ ವಾರಗಟ್ಟಲೆ ಹತ್ತಿ ಮೇಲಿನ ಹುಲ್ಲುಗಾವಲು ಸೇರುತ್ತಾರೆ. ಎತ್ತರಕ್ಕೆ ಒಗ್ಗುವುದು ಅವರ ನಡಿಗೆಯ ಲಯದಲ್ಲೇ ಸೇರಿಹೋಗಿದೆ. ನಮ್ಮ ಪ್ಯಾಕೇಜಿನಲ್ಲಿ ಶನಿವಾರ ಡೆಹ್ರಾಡೂನ್, ಭಾನುವಾರ ಬೇಸ್, ಬುಧವಾರ ಶಿಖರ, ಮುಂದಿನ ಸೋಮವಾರ ಆಫೀಸು. ಕುರಿಗಾಹಿಯ ನಾಯಿಗೆ ಸಿಕ್ಕ ತರಬೇತಿ ಬದುಕಿನುದ್ದಕ್ಕೂ ಸಿಕ್ಕದ್ದು. ಅದನ್ನು ನೆಪ ಮಾಡಿಕೊಂಡು ನಮ್ಮ ನಾಯಿಗೆ ಏನೂ ಬೇಡ ಎನ್ನುವುದು ಆ ಕುರಿಗಾಹಿಯ ತಿಳಿವಳಿಕೆಗೂ ಮಾಡುವ ಅವಮಾನ.

ಕೊನೆಗೆ ಧರ್ಮರಾಯನ ನಾಯಿ ಬಂದೇ ಬರುತ್ತದೆ. ಹಿಮಾಲಯಕ್ಕೆ ನಾಯಿ ಕರೆದೊಯ್ಯುವುದು ನಮ್ಮ ಪುರಾಣದಲ್ಲೇ ಇದೆಯಲ್ಲ ಎಂದು ಭಕ್ತಿಯಿಂದಲೇ ಹೇಳುತ್ತಾರೆ. ಕಥೆಯನ್ನು ಸರಿಯಾಗಿ ನೆನಪಿಸಿಕೊಳ್ಳೋಣ. ಧರ್ಮರಾಯ ಆ ನಾಯಿಯನ್ನು ಕರೆದಿರಲಿಲ್ಲ, ಕಟ್ಟಿ ಎಳೆದೊಯ್ದಿರಲಿಲ್ಲ. ಅದು ತಾನಾಗಿ ಹಿಂದೆ ಬಂತು. ಪಾಂಡವರು ಹೊರಟಿದ್ದು ಮಹಾಪ್ರಸ್ಥಾನಕ್ಕೆ, ಹಿಂದಿರುಗುವ ಯೋಚನೆ ಅವರಲ್ಲಿ ಯಾರಿಗೂ ಇರಲಿಲ್ಲ. ದ್ರೌಪದಿ, ಸಹದೇವ, ನಕುಲ, ಅರ್ಜುನ, ಭೀಮ ಒಬ್ಬೊಬ್ಬರಾಗಿ ಬಿದ್ದ ದಾರಿ ಅದು. ಹಾಗಿದ್ದೂ ಧರ್ಮರಾಯ ದೊಡ್ಡವನೆನಿಸಿಕೊಂಡದ್ದು ನಾಯಿಯನ್ನು ಮೇಲೆ ಹತ್ತಿಸಿದ್ದಕ್ಕಲ್ಲ. ನಂಬಿ ಬಂದ ಜೀವವನ್ನು ಬಿಟ್ಟು ಹೋಗಲಾರೆ ಎಂದು, ಇಂದ್ರನ ರಥ ಬಾಗಿಲಲ್ಲಿ ನಿಂತಿದ್ದಾಗ, ತನ್ನ ಸ್ವರ್ಗವನ್ನೇ ನಿರಾಕರಿಸಿದ್ದಕ್ಕೆ. ಶಿಖರ ಅರ್ಧ ಕಿಲೋಮೀಟರ್ ದೂರದಲ್ಲಿ ಕಾಣುತ್ತಿರುವಾಗ ನಾಯಿಯ ತೇಕು ನೋಡಿ ಹಿಂದಿರುಗುವವನು ಆ ಕಥೆಗೆ ಹತ್ತಿರದವನು.

ಪ್ರಯಾಣವೂ ತಯಾರಿಯ ಭಾಗ ಎಂಬುದು ಎಷ್ಟೋ ಜನಕ್ಕೆ ಹೊಳೆದಿರುವುದಿಲ್ಲ. ರೈಲಿನಲ್ಲಿ ಫಸ್ಟ್ ಎಸಿಯ ಕೂಪೆ ಇಡಿಯಾಗಿ ಸಿಕ್ಕರೆ ನಾಯಿ ನಿಮ್ಮ ಜೊತೆ ಬರಬಹುದು. ಇಲ್ಲದಿದ್ದರೆ ಗಾರ್ಡ್ ಡಬ್ಬಿಯ ನಾಯಿಪೆಟ್ಟಿಗೆಯೇ ಗತಿ. ದೆಹಲಿಗೆ ಎರಡು ರಾತ್ರಿ ಆ ಕಬ್ಬಿಣದ ಗೂಡಿನಲ್ಲಿ, ಸದ್ದು, ಸೆಖೆ, ಕತ್ತಲೆಯಲ್ಲಿ ಕಳೆದ ನಾಯಿ ಇಳಿದಾಗಲೇ ಅರ್ಧ ಸೋತಿರುತ್ತದೆ. ಮರುದಿನ ಹತ್ತು ಗಂಟೆಯ ಘಾಟ್ ರಸ್ತೆ, ವಾಂತಿ. ಅದರ ಮರುದಿನ ಏರು.

ಇಷ್ಟು ಹೊತ್ತು ನಾಯಿಯ ಮೈಯ ಬಗ್ಗೆ ಹೇಳಿದೆ. ಬೆಟ್ಟದಲ್ಲಿ ಬೇರೆ ಜೀವಗಳೂ ಇವೆ. “ಪ್ರಕೃತಿಯಲ್ಲಿ ನಾಯಿ ಸ್ವತಂತ್ರವಾಗಿ ಓಡಾಡಲಿ” ಎಂಬ ಮಾತು ಕೇಳಲು ಚೆಂದ. 2018ರ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಗುಜರಾತಿನ ಗಿರ್ ಕಾಡಿನಲ್ಲಿ ಕೆಲವೇ ವಾರಗಳೊಳಗೆ ಇಪ್ಪತ್ತಕ್ಕೂ ಹೆಚ್ಚು ಸಿಂಹಗಳು ಸತ್ತವು. ಅವುಗಳಲ್ಲಿ ಹಲವಕ್ಕೆ ತಗುಲಿದ್ದು ಕೆನೈನ್ ಡಿಸ್ಟೆಂಪರ್, ನಾಯಿಗಳಲ್ಲಿ ಹರಡುವ ವೈರಸ್. 1994ರಲ್ಲಿ ಆಫ್ರಿಕಾದ ಸೆರೆಂಗೆಟಿಯಲ್ಲಿ ಇದೇ ರೋಗ ಅಲ್ಲಿನ ಸಿಂಹಗಳಲ್ಲಿ ಸುಮಾರು ಮೂರನೇ ಒಂದು ಭಾಗವನ್ನು ಬಲಿ ತೆಗೆದುಕೊಂಡಿತು. ನಮ್ಮ ಘಟ್ಟದ ಕಾಡುನಾಯಿಗಳಿಗೂ, ಅಂದರೆ ಸೀಳುನಾಯಿಗಳಿಗೂ, ಈ ರೋಗ ತಗುಲಬಲ್ಲದು. “ನಮ್ಮದಕ್ಕೆ ಎಲ್ಲ ಇಂಜೆಕ್ಷನ್ ಆಗಿದೆ” ಎನ್ನುತ್ತಾರೆ. ಆಗಿರಲೇಬೇಕು, ಅದು ಉಪಕಾರವಲ್ಲ. ಆದರೆ ಲಸಿಕೆ ಹಾಕಿಸಿದ ನಾಯಿಯೂ ನೆಲದಲ್ಲಿ ಗೂಡು ಕಟ್ಟುವ ಹಕ್ಕಿಯನ್ನು ಅಟ್ಟುತ್ತದೆ, ಮರಿ ಹಾಕಿದ ಕಡವೆಯನ್ನು ಓಡಿಸುತ್ತದೆ, ಮೈಮೇಲೆ ಉಣುಗು ಹೊತ್ತು ಒಂದು ಕಾಡಿನಿಂದ ಇನ್ನೊಂದು ಊರಿಗೆ ಬರುತ್ತದೆ.

ಚಿರತೆಯ ವಿಚಾರವನ್ನು ಬಿಡುವಂತಿಲ್ಲ. ಮಹಾರಾಷ್ಟ್ರದ ಅಕೋಲೆ ತಾಲ್ಲೂಕಿನಲ್ಲಿ ನಡೆದ ಅಧ್ಯಯನವೊಂದರಲ್ಲಿ ಚಿರತೆಯ ಆಹಾರದಲ್ಲಿ ಎಲ್ಲಕ್ಕಿಂತ ದೊಡ್ಡ ಪಾಲು ನಾಯಿಯದೇ ಆಗಿತ್ತು, ತೂಕದ ಲೆಕ್ಕದಲ್ಲಿ ಸುಮಾರು ಶೇ. 39. ಕುಮಾವೂಂ, ಗಢವಾಲ್‌ನ ಭೋಟಿಯಾ ನಾಯಿಗಳ ಕೊರಳಿಗೆ ಕಬ್ಬಿಣದ ಮುಳ್ಳುಪಟ್ಟಿ ಕಟ್ಟುವುದು ಅಲಂಕಾರಕ್ಕಲ್ಲ. ಚಿರತೆ ಮೊದಲು ಹಿಡಿಯುವುದು ಕುತ್ತಿಗೆಯನ್ನು. ಆ ಊರಿನವರೇ ಅಷ್ಟು ಎಚ್ಚರದಿಂದಿರುವ ಕಾಡಿನಲ್ಲಿ ನೀವು ಬಟ್ಟೆಯ ಗುಡಾರದ ಹೊರಗೆ ಲ್ಯಾಬ್ರಡಾರ್ ಕಟ್ಟಿ ಮಲಗುತ್ತೀರಿ. ಹಗಲಲ್ಲಿ ಅದೇ ಭೋಟಿಯಾ ನಾಯಿಗಳ ಹಿಂಡು ನಿಮ್ಮದನ್ನು ಎದುರಿಸುತ್ತದೆ. ಕುರಿ ಕಾಯುವುದು ಅವುಗಳ ಕೆಲಸ, ಅಪರಿಚಿತ ನಾಯಿ ಅವುಗಳ ಕಣ್ಣಿಗೆ ಕಳ್ಳ. ಆಗ ಕಚ್ಚಿಸಿಕೊಂಡು ಬಂದು ಕುರಿಗಾಹಿಯ ಮೇಲೆ ರೇಗುವುದು ಅನ್ಯಾಯ. ಅತಿಥಿಯಾಗಿ ಹೋದವರು ನಾವು.

ಹೊರದೇಶದಲ್ಲಿ ನಾಯಿಗೆ ಎಲ್ಲ ಕಡೆ ಸ್ವಾತಂತ್ರ್ಯ ಇದೆ, ನಮ್ಮಲ್ಲೇ ಅರಣ್ಯ ಇಲಾಖೆಯ ಕಾಟ ಎಂಬ ದೂರೂ ಇದೆ. ಅಮೆರಿಕದ ಅಪಲಾಚಿಯನ್ ಟ್ರೇಲ್ 14 ರಾಜ್ಯಗಳಲ್ಲಿ ಹಾದುಹೋಗುವ, ಸುಮಾರು 3,500 ಕಿಲೋಮೀಟರ್ ಉದ್ದದ ಕಾಲುದಾರಿ. ಕನ್ನಡಿಗರು ನೆಲೆಸಿರುವ ನ್ಯೂಜೆರ್ಸಿಯಲ್ಲೂ ಅದು ಹಾಯುತ್ತದೆ, ವಾರಾಂತ್ಯದಲ್ಲಿ ಅಲ್ಲಿ ನಾಯಿ ಹಿಡಿದು ನಡೆಯುವ ನಮ್ಮವರೂ ಇದ್ದಾರೆ. ಆ ದಾರಿಯಲ್ಲೂ ಗ್ರೇಟ್ ಸ್ಮೋಕಿ ಮೌಂಟನ್ಸ್ ರಾಷ್ಟ್ರೀಯ ಉದ್ಯಾನದ ಸುಮಾರು 115 ಕಿಲೋಮೀಟರ್ ಉದ್ದಕ್ಕೂ ನಾಯಿಗೆ ಪ್ರವೇಶವಿಲ್ಲ. ದಾರಿ ಕೊನೆಗೊಳ್ಳುವ ಕಟಾಡಿನ್ ಶಿಖರವಿರುವ ಬ್ಯಾಕ್ಸ್‌ಟರ್ ಪಾರ್ಕಿನಲ್ಲೂ ಇಲ್ಲ. ಸರ್ಕಾರಿ ಉದ್ಯಾನ ಇಲಾಖೆಯ ಜಾಗದಲ್ಲೆಲ್ಲ ಹಗ್ಗ ಕಡ್ಡಾಯ. ಇಡೀ ದಾರಿಯನ್ನು ನಾಯಿ ಜೊತೆ ನಡೆಯಲು ಹೊರಟವರು ಯಾವ ಊರಿನಲ್ಲಿ ನಾಯಿಯನ್ನು ಯಾರ ಸುಪರ್ದಿಗೆ ಬಿಡಬೇಕು, ಎಷ್ಟು ದಿನ, ಎಲ್ಲಿ ಮತ್ತೆ ಕೂಡಿಕೊಳ್ಳಬೇಕು ಎಂದು ತಿಂಗಳುಗಳ ಮೊದಲೇ ಗೊತ್ತು ಮಾಡಿಕೊಳ್ಳುತ್ತಾರೆ. ನಾಯಿಯೊಡನೆ ದೂರ ನಡೆಯುವುದು ರೂಢಿಯಾಗಿರುವ ನಾಡಿನಲ್ಲೇ ತಯಾರಿ ಎಂದರೆ ಎಲ್ಲೆಲ್ಲಿ ನಾಯಿ ಬರಬಾರದೆಂದು ಮೊದಲು ತಿಳಿಯುವುದು. ನಮ್ಮ ಕುಮಾರ ಪರ್ವತ ಪುಷ್ಪಗಿರಿ ವನ್ಯಜೀವಿಧಾಮದಲ್ಲಿದೆ, ಕುದುರೆಮುಖ ರಾಷ್ಟ್ರೀಯ ಉದ್ಯಾನ. ಗೇಟಿನಲ್ಲಿ ಗಾರ್ಡ್ ಜೊತೆ ಜಗಳಕ್ಕೆ ನಿಲ್ಲುವವರು ಆತ ಕಾಯುತ್ತಿರುವುದು ಏನನ್ನೆಂದು ಯೋಚಿಸಲಿ.

ಹಾಗಾದರೆ ನಾಯಿಯನ್ನು ಬೆಟ್ಟಕ್ಕೆ ಕರೆದೊಯ್ಯಲೇಬಾರದೇ ಎಂದು ಕೇಳಬಹುದು. ನಾನು ಹಾಗೆ ಹೇಳುತ್ತಿಲ್ಲ. ಸಂರಕ್ಷಿತ ಕಾಡಲ್ಲದ ದಾರಿ, ಪಕ್ವ ವಯಸ್ಸಿನ, ತೆಳು ಮೈಯ, ಪಳಗಿದ ನಾಯಿ, ಅದರ ಉಸಿರನ್ನು ಓದಬಲ್ಲ ಯಜಮಾನ, ಇಷ್ಟು ಕೂಡಿದರೆ ಅದಕ್ಕಿಂತ ಒಳ್ಳೆಯ ಜೊತೆಗಾರ ಬೇರೆ ಇಲ್ಲ. ಆದರೆ ಅಷ್ಟು ಕೂಡಿಸಲು ಮೂರು ನಾಲ್ಕು ತಿಂಗಳು ಬೇಕು. ಮೊದಲು ಪಶುವೈದ್ಯರಿಂದ ಹೃದಯ, ಸೊಂಟದ ಕೀಲು ಪರೀಕ್ಷೆ. ಆಮೇಲೆ ಮಣ್ಣುದಾರಿಯಲ್ಲಿ ನಡಿಗೆ, ವಾರ ವಾರ ಸ್ವಲ್ಪ ಹೆಚ್ಚಿಸುತ್ತ, ಮಧ್ಯೆ ಬಿಡುವು ಕೊಡುತ್ತ. ಒಂದು ಹಗಲಿನ ಚಾರಣ, ನಂತರ ಒಂದು ರಾತ್ರಿಯದು, ಮರುದಿನ ನಾಯಿ ಹೇಗೆ ಎದ್ದಿತು ಎಂದು ನೋಡುವುದು. ಮುದುರಿಕೊಂಡು, ಬಿಗಿದುಕೊಂಡು ಎದ್ದರೆ ಆರು ದಿನದ ಮಾತೇ ಬೇಡ. ಎಲ್ಲಕ್ಕಿಂತ ಮುಖ್ಯವಾಗಿ, ನಾಯಿಯನ್ನು ಹೊರುವ ಜೋಲಿಯೊಂದನ್ನು ಕೊಂಡು ಮನೆಯ ಮೆಟ್ಟಿಲಲ್ಲಿ ಹೊತ್ತು ಇಳಿದು ನೋಡಬೇಕು. ನಾಲ್ಕು ಮಹಡಿ ಹೊತ್ತು ಇಳಿಸಲಾಗದ ನಾಯಿಯನ್ನು ನಾಲ್ಕು ದಿನದ ದಾರಿಗೆ ಒಯ್ಯುವ ಹಕ್ಕು ನಮಗಿಲ್ಲ. ಡೈಸಿಗೆ 16 ಮಂದಿ ಸಿಕ್ಕರು. ನಮ್ಮ ಹಿಮಾಲಯದ ಎತ್ತರದ ಹುಲ್ಲುಗಾವಲುಗಳಲ್ಲಿ ಸಿಗುವುದು ಒಬ್ಬ ಗೈಡು ಮತ್ತು ಎರಡು ಹೇಸರಗತ್ತೆ.

“ನಮ್ಮನ್ನು ಬಿಟ್ಟು ಅದು ಒಂದು ದಿನವೂ ಇರಲ್ಲ” ಎಂಬುದು ಕೊನೆಯ ವಾದ. ಒಂದು ವಾರ ಅಕ್ಕನ ಮನೆಯಲ್ಲೋ, ಪರಿಚಯದ ಬೋರ್ಡಿಂಗಿನಲ್ಲೋ ಇರಲು ನಾಯಿಗೆ ಕಲಿಸಬಹುದು. ಮೊದಲು ಒಂದು ಹಗಲು, ಆಮೇಲೆ ಒಂದು ರಾತ್ರಿ. ಅದೂ ತಯಾರಿಯೇ, ಬೂಟು ಪಳಗಿಸುವುದಕ್ಕಿಂತ ಹೆಚ್ಚು ಉಪಯೋಗದ ತಯಾರಿ.

ಚಾರಣ ನಡೆಸುವ ಸಂಸ್ಥೆಗಳಿಗೂ ನನ್ನದೊಂದು ಒತ್ತಾಯವಿದೆ. “ಪೆಟ್ ಫ್ರೆಂಡ್ಲಿ” ಎಂದು ಪೋಸ್ಟರ್ ಹಾಕಿ ನಾಯಿಗೂ ಟಿಕೆಟ್ ಮಾಡುತ್ತಿರುವವರು ಮನುಷ್ಯರಿಂದ ಫಿಟ್‌ನೆಸ್ ಪತ್ರ ಕೇಳುವ ಹಾಗೆ ನಾಯಿಯದನ್ನೂ ಕೇಳಬೇಕು: ಎರಡು ವಾರದೊಳಗಿನ ಪಶುವೈದ್ಯರ ಪತ್ರ, ರೇಬೀಸ್ ಮತ್ತು ಡಿಸ್ಟೆಂಪರ್ ಲಸಿಕೆಯ ಕಾರ್ಡು, ಕಳೆದ ಮೂರು ತಿಂಗಳ ನಡಿಗೆಯ ವಿವರ, ಹೊರುವ ಜೋಲಿ. ನಾಯಿಯೊಂದಕ್ಕೆ ಏನಾದರೂ ಆದರೆ ಗುಂಪನ್ನು ಬಿಟ್ಟು ಅದರೊಂದಿಗೆ ಇಳಿಯಲು ಒಬ್ಬ ಗೈಡನ್ನು ಬೇರೆಯೇ ಇಟ್ಟಿರಬೇಕು. ಇದರಲ್ಲಿ ಒಂದು ಕಡಿಮೆಯಾದರೂ ಬೆಂಗಳೂರಿನಲ್ಲೇ, ಬಸ್ ಹತ್ತುವ ಮೊದಲೇ, ದುಡ್ಡು ವಾಪಸ್ ಕೊಟ್ಟು ನಾಯಿಯನ್ನು ಮನೆಗೆ ಕಳಿಸಬೇಕು.